ಪರದೆಯ ಮೊದಲ ಸಾಲು

ಪರದೆಯ ಮೊದಲ ಸಾಲಿನಲ್ಲಿ 61,840 ಎಂದಿತ್ತು. ಪಕ್ಕದಲ್ಲಿ ಮಾವನ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳು. ಗಾಜಿನಲ್ಲಿ ಗೀರು ಬಿದ್ದಿದ್ದರಿಂದ ಕೊನೆಯ ಸೊನ್ನೆ ಅರ್ಧ ಮಾತ್ರ ಕಾಣುತ್ತಿತ್ತು.

ಸಾಗರದಲ್ಲಿ ನನ್ನ ಸೋದರಮಾವ ಮನೆಯ ಮುಂದಿನ ಕೋಣೆಯಲ್ಲಿ ನಡೆಸುತ್ತಿದ್ದ ವಿಡಿಯೋ ಗೇಮ್ ಅಂಗಡಿಯಲ್ಲಿ ಕೊನೆಗೆ ಉಳಿದದ್ದು ಆ ಒಂದೇ ಮಷೀನು. ಎದೆಯೆತ್ತರದ ಮರದ ಪೆಟ್ಟಿಗೆ, ಒಂದು ಹಿಡಿಕೆ, ಎರಡು ಗುಂಡಿ. ಮೇಲಿನಿಂದ ಇಳಿಯುವ ಹಡಗುಗಳನ್ನು ಹೊಡೆದು ಉರುಳಿಸಬೇಕು. ಹೊಸನಗರದಲ್ಲಿ ಕೆಲಸಕ್ಕೆ ಸೇರಿದ ಮೇಲೂ ಭಾನುವಾರ ನಾನು ಬಸ್ಸು ಹತ್ತಿ ಬರುತ್ತಿದ್ದದ್ದು ಅದನ್ನು ಆಡಲು; ಮನೆಯಲ್ಲಿ ಹೇಳುತ್ತಿದ್ದ ಕಾರಣ ಬೇರೆ.

“ಫೋನಲ್ಲಿ ಅಷ್ಟು ಚಂದದ ಗೇಮ್ ಬಂದಿದಾವೆ, ಈ ಗುಜರಿ ಎಂತಕ್ಕೇ ನಿಂಗೆ?” ಎಂದು ಮಾವ ಕೇಳುತ್ತಿದ್ದರು.

“ಅವು ಸಾಯಕ್ಕೇ ಬಿಡಲ್ಲ ಮಾವ. ಬಿಟ್ಟಲ್ಲಿಂದ ಶುರು ಮಾಡು ಅಂತಾವೆ, ನಿನ್ನೆ ಯಾಕೆ ಬರ್ಲಿಲ್ಲ ಅಂತ ಕೇಳ್ತಾವೆ. ಇದು ಮೂರು ಲೈಫು, ಮುಗೀತು. ಆಫ್ ಮಾಡಿದ್ರೆ ಯಾರು ಆಡಿದ್ರು ಅಂತಾನೂ ನೆನಪಿಟ್ಕೊಳಲ್ಲ.”

“ನನ್ ಸ್ಕೋರ್ ದಾಟಕ್ಕಾಗಲ್ಲ ಅಂತ ಹೊಟ್ಟೆಯುರಿ ನಿಂಗೆ, ಅಷ್ಟೇ.”

ಆಪರೇಶನ್ನಿಗೆಂದು ಹೊರಟ ಬೆಳಿಗ್ಗೆ ಆಟೋ ತಡವಾಯಿತು. ಮಾವ ಚಪ್ಪಲಿ ಹಾಕಿಕೊಂಡೇ ಒಂದು ಆಟ ಆಡಿದರು. 61,840 ಅದರದ್ದು. ಆಸ್ಪತ್ರೆಯಿಂದ ಅವರು ಮರಳಲಿಲ್ಲ.

ಅಂದಿನಿಂದ ಅತ್ತೆ ಆ ಮಷೀನನ್ನು ಆರಿಸಿರಲಿಲ್ಲ. ಕರೆಂಟು ಹೋದರೂ ಅದು ನಡೆಯಲೆಂದೇ ಇನ್ವರ್ಟರ್ ಹಾಕಿಸಿದರು. ಯಾರೂ ಆಡದಿದ್ದಾಗ ಪರದೆ ಸ್ಕೋರಿನ ಪಟ್ಟಿಯನ್ನು ತೋರಿಸುತ್ತಿತ್ತು. ಬೆಳಿಗ್ಗೆ ಗಾಜು ಒರೆಸುವಾಗ ಅತ್ತೆಯ ಕೈ ಮೊದಲ ಸಾಲಿನ ಮೇಲೆ ನಿಲ್ಲುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅತ್ತೆ ಎರಡು ದಿನಕ್ಕೆಂದು ತೀರ್ಥಹಳ್ಳಿಯಲ್ಲಿರುವ ತಮ್ಮ ಅಕ್ಕನ ಮನೆಗೆ ಹೊರಟರು. ಮನೆ ನೋಡಿಕೊಳ್ಳಲು ನಾನು ಬಂದೆ.

“ಗುಡುಗು ಬಂದ್ರೆ ಎಲ್ಲಾದ್ರ ಪ್ಲಗ್ ಕಿತ್ತಾಕು. ಅದ್ರದ್ದು ಮಾತ್ರ ಮುಟ್ಬೇಡ ಮಾರಾಯ್ತಿ,” ಎಂದರು.

“ಸಿಡ್ಲು ಹೊಡೆದ್ರೆ ಸುಟ್ಟೋಗತ್ತೆ ಅತ್ತೆ.”

“ಸುಟ್ರೆ ಸಿಡ್ಲು ಸುಡ್ತು ಅಂದ್ಕೋತೀನಿ. ನಾವಾಗಿ ಆಫ್ ಮಾಡದು ಬೇಡ.”

ಮರುದಿನ ಸಂಜೆ ನಾಲ್ಕೂವರೆಗೆ ಗುಡುಗಿತು. ನಮ್ಮ ಕಡೆ ಮೊದಲ ಗುಡುಗಿಗೇ ಪ್ಲಗ್ ಕೀಳುವುದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಓದಲು ಬರುವ ಮೊದಲೇ ಕಲಿತಿರುತ್ತೇವೆ. ಫ್ರಿಜ್ಜು, ಟಿವಿ, ಮಿಕ್ಸಿ, ವೈಫೈ. ಆಮೇಲೆ ಅಂಗಡಿಯ ಕೋಣೆ. ಐದನೆಯ ಪ್ಲಗ್ಗು ಕೈಯಲ್ಲಿರುವಾಗ ಕೋಣೆ ಕತ್ತಲಾದದ್ದು ಗೊತ್ತಾಯಿತು.

ತಕ್ಷಣ ಮತ್ತೆ ಚುಚ್ಚಿದೆ. ಪಟ್ಟಿ ಬಂತು. ಮಷೀನು ತಯಾರಿಸಿದವರು ತುಂಬಿಟ್ಟಿದ್ದ ಅಕ್ಷರಗಳು, ಐದೂ ಸಾಲಿಗೆ 5,000.

ಮೊದಲು ಬಂದದ್ದು ಮುಚ್ಚಿಹಾಕುವ ಯೋಚನೆ. ಅಷ್ಟೇ ಸ್ಕೋರು ಮಾಡಿ ಮಾವನ ಅಕ್ಷರಗಳನ್ನು ಹಾಕಿಬಿಟ್ಟರಾಯಿತು. ಎರಡು ಗಂಟೆ ಆಡಿದೆ. ಮೂವತ್ತೊಂದು ಸಾವಿರ ದಾಟಲಿಲ್ಲ. ಅತ್ತೆಗೆ ಆ ಅಂಕಿ ಬಾಯಿಪಾಠ. ಆದರೆ ಸಿಡಿಲು ಹೊಡೆಯಿತು ಎಂದರೆ ಅವರು ನಂಬುತ್ತಿದ್ದರು, ಅಳುತ್ತಿರಲೂ ಇಲ್ಲವೇನೋ. ಆಟ ಮುಗಿದು ಮಷೀನು ಹೆಸರು ಕೇಳಿದಾಗಲೆಲ್ಲ, ಅದರ ಸಮಯ ಮುಗಿಯುವವರೆಗೆ ಏನೂ ಒತ್ತದೆ ನಿಂತೆ.

ಮರುದಿನ ಬೆಳಿಗ್ಗೆ ಮಷೀನನ್ನು ಆರಿಸಿದೆ. ಮನೆಗೆ ಬೀಗ ಹಾಕಿ, ತೀರ್ಥಹಳ್ಳಿಯ ಬಸ್ಸು ನಿಲ್ಲುವಲ್ಲಿ ಹೋಗಿ ಕಾದೆ. ಅತ್ತೆ ಇಳಿದು ಚೀಲವನ್ನು ನನ್ನ ಕೈಗೆ ಕೊಡುವ ಮೊದಲೇ ಹೇಳಿದೆ:

“ಸಿಡ್ಲಲ್ಲ ಅತ್ತೆ. ನಾನೇ ಕಿತ್ತಿದ್ದು.”