ಜೀರುಂಡೆಯ ಬೆನ್ನಿಗೆ ಹಚ್ಚಿದ ಅಂಟು

ಶಹನಾಜ್, ನಿನ್ನ ಜೀರುಂಡೆಯ ರೆಕ್ಕೆ ಕಿತ್ತವಳು ನಾನು. ಬೇರೆ ಹುಳದ ರೆಕ್ಕೆ ಅಂಟಿಸಿದವಳೂ ನಾನೇ. ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

ಮುಂಡರಗಿಯ ನಮ್ಮ ಮನೆಯಲ್ಲಿ ಬಾಡಿಗೆಗೆ ಖೋಲಿ ಹಿಡಿದು, ಕಪ್ಪತಗುಡ್ಡ ಹತ್ತಿ ನೆಲದ ಹುಳ ಹುಡುಕುತ್ತಿದ್ದೆ ನೀನು. ಗುಡ್ಡದ ನೆತ್ತಿಯ ಮೇಲೆ, ಕಲ್ಲಿನ ಬುಡದಲ್ಲಿ ಒಂದೇ ಒಂದು ಸಿಕ್ಕಿತು — ತಾಮ್ರದ ಮೇಲೆ ಹಸಿರು ಓಡಿದಂಥ ಹೊಳಪು. ಅದರ ಜಾತಿ ಗೊತ್ತಾದರೆ ನನ್ನ ಓದು ಮುಗಿಯುತ್ತದೆ ಎಂದಿದ್ದೆ ನೀನು. ಅಂದೇ ನಿಮ್ಮಪ್ಪನಿಗೆ ಆರಾಮಿಲ್ಲವೆಂದು ಖಬರ ಬಂದು, ಸರಿಯಾಗಿ ನೋಡುವ ಮೊದಲೇ ಅದನ್ನು ಡಬ್ಬಿಯಲ್ಲಿಟ್ಟು ನೀನು ಲಕ್ಷ್ಮೇಶ್ವರದ ನಿಮ್ಮ ಮನೆಗೆ ಹೋದೆ.

ನಾನು ಬಾಸಿಂಗ ಕಟ್ಟುವವಳು. ಅತ್ತೆಯ ಕಾಲದಿಂದ ಮದುಮಗಳ ಬಾಸಿಂಗದ ನಡುವೆ ಜೀರುಂಡೆಯ ಹೊಳೆಯುವ ಗಟ್ಟಿ ರೆಕ್ಕೆ ಕೂರಿಸುತ್ತೇವೆ. ಹಿರೇಹಂದಿಗೋಳದವರ ಮದುವೆಗೊಂದು ಕಟ್ಟಬೇಕಿತ್ತು, ನನ್ನ ಹತ್ತಿರದ ರೆಕ್ಕೆಗಳು ಮಾಸಿದ್ದವು. ನಿನ್ನ ಹುಳದವೆರಡು ಕಿತ್ತೆ. ನನ್ನ ಹಳೆಯವುಗಳಲ್ಲಿ ಬಣ್ಣ ಹೊಂದುವ ಎರಡನ್ನು ಅಳತೆಗೆ ಕತ್ತರಿಸಿ, ಜಾಲಿ ಅಂಟು ಹಚ್ಚಿ ಅದರ ಬೆನ್ನಿಗಿಟ್ಟೆ. ಸತ್ತ ಹುಳಕ್ಕೆ ಯಾರ ಅಂಗಿಯಾದರೇನು ಎಂದುಕೊಂಡೆ. ನಲವತ್ತು ವರ್ಷ ಅಂಟಿಸಿದ ಕೈ — ಸಂದು ಕಾಣಲಿಲ್ಲ.

ನೀನು ಬಂದು ಭೂತಗನ್ನಡಿಯಲ್ಲಿ ನೋಡಿ ಹಿಗ್ಗಿದೆ. ಇಂಥ ಬೆನ್ನು ಯಾವ ಪುಸ್ತಕದಲ್ಲೂ ಇಲ್ಲ, ಹೊಸ ಜಾತಿಯೇ ಎಂದೆ. ನನಗೂ ಚಹಾ ಮಾಡಿಕೊಟ್ಟೆ. ಆಗ ಹೇಳಬೇಕಿತ್ತು. ಕುಡಿದು ಲೋಟ ತೊಳೆದಿಟ್ಟೆ.

ನಿನ್ನ ಗುರುಗಳು ಬಂದರು. ಒಣಗಿದ ಹುಳ ಮೆತ್ತಗಾಗಲೆಂದು ಬಿಸಿನೀರಿಗೆ ಹಾಕಿದರು. ಅಂಟು ಕರಗಿ ರೆಕ್ಕೆ ತೇಲಿದವು. ಅವರು ಬೈಯಲಿಲ್ಲ. ಹೊಸದು ಬೇಕೆಂದು ನೀನೇ ಮಾಡಿಕೊಂಡೆಯಾ ಎಂದು ಕೇಳಿದರು, ಅಷ್ಟೇ. ನೀನು ನನ್ನ ಕಡೆ ತಿರುಗಿದೆ.

"ಅಜ್ಜಿ, ನೀವೇನರ ಮುಟ್ಟಿದ್ರೇನ್ರಿ?"

"ನಿನ್ನ ಹೊಲಸು ಹುಳಾ ನಾ ಯಾಕ ಮುಟ್ಲಿ ಯವ್ವಾ."

ಮದುವೆಗೆ ಇನ್ನೂ ಎಂಟು ದಿನವಿತ್ತು. ಬಾಸಿಂಗ ಒಳಗೆ ಗೂಟಕ್ಕೆ ತೂಗುತ್ತಿತ್ತು. ಎರಡು ರೆಕ್ಕೆ ಕಿತ್ತು ಕೊಟ್ಟಿದ್ದರೆ ಹುಳ ಪೂರ್ತಿಯಾಗುತ್ತಿತ್ತು, ನಿನ್ನ ಮಾನವೂ ಉಳಿಯುತ್ತಿತ್ತು. ಹೆದರಿ ಸುಮ್ಮನಿದ್ದೆನೆಂದರೆ ಸುಳ್ಳು. ಬಾಸಿಂಗ ಚಂದಾಗಿತ್ತು — ಕೀಳಲು ಮನಸ್ಸಾಗಲಿಲ್ಲ.

ಅಂದಿನಿಂದ ನೀನು ಓದು ಬಿಟ್ಟು ಅಪ್ಪನ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದೀ. ಹೇಳಬೇಕೆಂದೇ ನಾನೊಮ್ಮೆ ಅಲ್ಲಿಗೆ ಬಂದಿದ್ದೆ. "ಅಜ್ಜಿ, ಕುಂಡ್ರಿ" ಎಂದು ಸ್ಟೂಲು ಕೊಟ್ಟೆ. ನಾನು ಕುಬಸದ ಬಟ್ಟೆ ಕೊಂಡು ತಿರುಗಿ ಬಂದೆ.

ಕ್ಷಮಿಸೆಂದು ಕೇಳುವುದಿಲ್ಲ. ಇದನ್ನೇ ನಿನ್ನ ಗುರುಗಳಿಗೂ ಬರೆದಿದ್ದೇನೆ. ಕೆಳಗೆ ಹೆಸರು ಬರೆದೆ. ನನ್ನ ಅಕ್ಷರ ಓದಲು ಬಾರದಿದ್ದರೆ ಎಂದು ಹೆಬ್ಬೆಟ್ಟೂ ಒತ್ತಿದ್ದೇನೆ.