ಸಿಸ್ಟರ್‌ಗಳ ಸೀರೆಗೆ ಅಜ್ಜಿಯ ನಿಂಬೆಹಣ್ಣು

ನಾನು ಓದಿದ, ಈಗ ಚರಿತ್ರೆ ಪಾಠ ಮಾಡುತ್ತಿರುವ ಹೊಸಪೇಟೆಯ ಹೆಣ್ಣುಮಕ್ಕಳ ಕಾಲೇಜು ವಿಶ್ವವಿದ್ಯಾಲಯವಾಯಿತು. ನಡೆಸುವವರು ಕ್ರೈಸ್ತ ಸನ್ಯಾಸಿನಿಯರು; ನಮಗೆಲ್ಲ ಅವರು ಸಿಸ್ಟರ್‌ಗಳು. ಸಂಸ್ಥೆಯ ಇತಿಹಾಸ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಎಂಟು ಪುಟ ಮೀರಬಾರದು ಎಂದರು. ಜಾಗ ಕೊಟ್ಟವರು, ಅಡಿಗಲ್ಲು ಹಾಕಿದವರು, ಯಾವ ಕಟ್ಟಡ ಯಾವಾಗ ಎದ್ದಿತು, ಎಲ್ಲ ಬರೆದೆ. ಓದಿ ನೋಡಿದರೆ ನನಗೇ ಆಕಳಿಕೆ ಬಂತು. ನನ್ನ ಮಟ್ಟಿಗೆ ಈ ಕಾಲೇಜಿನ ಇತಿಹಾಸವೆಂದರೆ ನಮ್ಮ ಅಜ್ಜಿಯ ನಿಂಬೆಹಣ್ಣು. ಅದಕ್ಕೆ ಎಂಟು ಪುಟದಲ್ಲಿ ಜಾಗ ಸಿಗಲಿಲ್ಲ.

ನಮ್ಮದು ಕಂಪ್ಲಿ, ಅಪ್ಪನದು ಸಣ್ಣ ರೈಸ್ ಮಿಲ್. ನಾನು ಪಿಯುಸಿ ಮುಗಿಸಿದಾಗ ಕಾಲೇಜು ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ಕರಾವಳಿಯಿಂದಲೂ ಕೇರಳದಿಂದಲೂ ಬಂದ ಐದು ಜನ ಸಿಸ್ಟರ್‌ಗಳು ಬಾಡಿಗೆ ಮನೆಯಲ್ಲಿ ಪಾಠ ನಡೆಸುತ್ತಿದ್ದರು. ಐವರದೂ ಬಿಳಿ ಸೀರೆ. ಹಣೆಗೆ ಕುಂಕುಮವಿಲ್ಲ, ಕೈಗೆ ಬಳೆಯಿಲ್ಲ. ಅಷ್ಟು ನೋಡಿದ ಮೇಲೆ ನಮ್ಮ ಜನಕ್ಕೆ ಕೇಳುವುದು ಇನ್ನೇನಿರುತ್ತದೆ? ಗಂಡ ಸತ್ತವರೆಲ್ಲ ಸೇರಿ ಕಾಲೇಜು ತೆಗೆದಿದ್ದಾರೆಂದು ನಮ್ಮ ಓಣಿ ತೀರ್ಮಾನ ಮಾಡಿಬಿಟ್ಟಿತ್ತು.

"ದಿನಾ ಮುಂಜಾನೆ ಗಂಡ ಸತ್ತಾರ ಮಾರಿ ನೋಡ್ಕೊಂತ ಕಲ್ತ್ರ ಇಕಿ ಉದ್ಧಾರ ಆಗ್ತಾಳೇನು? ಬ್ಯಾಡ," ಎಂದ ಅಪ್ಪ, ಊಟಕ್ಕೆ ಕೂತು.

ಬಡಿಸುತ್ತಿದ್ದವಳು ಅಜ್ಜಿ, ಅವನ ತಾಯಿ. ಅಪ್ಪ ಇನ್ನೂ ಹಾಲು ಕುಡಿಯುವ ಕೂಸಾಗಿದ್ದಾಗ ಗಂಡನನ್ನು ಕಳೆದುಕೊಂಡು ಬಿಳಿ ಸೀರೆ ಉಟ್ಟವಳು. ಅನ್ನ ಹಾಕುತ್ತಿದ್ದ ಕೈ ಅಲ್ಲೇ ನಿಂತಿತು.

"ನನ್ನ ಮಾರಿ ನೋಡ್ಕೊಂತನ ಬೆಳದಿಯಲ್ಲಲೇ. ನಿನಗೇನು ಕಮ್ಮಿ ಆತು?"

ಅಪ್ಪ ತಲೆ ಎತ್ತದೆ ಉಂಡು ಎದ್ದ. ತಾಯಿಯೂ ಬಿಳಿ ಸೀರೆಯವಳೆಂಬ ಅರಿವಿಲ್ಲದೆ ಆಡಿದ ಮಾತದು. ನಾಲಿಗೆಗೆ ಎಲುಬಿಲ್ಲ ನೋಡಿ. ಎರಡು ದಿನ ಬಿಟ್ಟು ಅಜ್ಜಿ ಹಣೆಗೆ ವಿಭೂತಿ ಹಚ್ಚಿಕೊಂಡು, ನನ್ನನ್ನು ಕರೆದುಕೊಂಡು ಹೊಸಪೇಟೆ ಬಸ್ಸು ಹತ್ತಿದಳು.

ಕಾಲೇಜಿನ ಮುಂದಿನ ರಸ್ತೆಯಲ್ಲೇ ಸಂಡೂರಿನ ಅದಿರು ಲಾರಿಗಳ ಓಡಾಟ. ಪ್ರಿನ್ಸಿಪಾಲ್ ಸಿಸ್ಟರ್ ಆಗಷ್ಟೇ ಹೊರಗಿನಿಂದ ಬಂದಿದ್ದರು, ಅದಿರಿನ ಧೂಳಿಗೆ ಸೀರೆಯ ಅಂಚೆಲ್ಲ ಕೆಂಪಾಗಿತ್ತು. ಅಜ್ಜಿ ಯಾವ ಕೋರ್ಸು, ಎಷ್ಟು ಫೀ ಎಂದು ಏನೂ ಕೇಳಲಿಲ್ಲ. ನೇರ ಹೋಗಿ ಅವರ ಸೆರಗಿನ ತುದಿ ಹಿಡಿದು ನೋಡಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಇದು ಸೋಪಿಗೆ ಹೋಗಂಗಿಲ್ರಿ. ನಿಂಬಿಹಣ್ಣು, ಉಪ್ಪು ಹಚ್ಚಿ ಬಿಸಲಾಗ ಹಾಕ್ರಿ. ಆಮ್ಯಾಲೆ ಒಂಚೂರು ನೀಲಿ. ಭಾಳ ಹಾಕಬ್ಯಾಡ್ರಿ ಮತ್ತ."

"ನಿಮಗೆ ಹೇಗೆ ಗೊತ್ತಮ್ಮಾ?" ಎಂದರು ಸಿಸ್ಟರ್.

"ಮೂವತ್ತೆಂಟು ವರ್ಷ ಆತ್ರಿ ಬಿಳೀದು ಉಡಾಕ ಹತ್ತಿ. ನಿಮಗೆಷ್ಟಾತು?"

"ಇಪ್ಪತ್ತೆರಡಾಯಿತು."

"ಅಯ್ಯ, ಸಣ್ಣ ವಯಸ್ಸಿನಾಗ ಆಗೈತಿ."

"ಹೌದು, ಸಣ್ಣ ವಯಸ್ಸಿನಲ್ಲೇ," ಎಂದು ಸಿಸ್ಟರ್ ನಕ್ಕರು. ಆ ನಗು ಕಂಡು ಅಜ್ಜಿಯ ಕಣ್ಣು ತುಂಬಿತು. ನನಗೆ ಸೀಟು ಸಿಕ್ಕಿತು.

ಸೇರಿದ ವಾರಕ್ಕೇ ಬಂಡ್ರಿಯಿಂದ ಬರುತ್ತಿದ್ದ ಸೀನಿಯರ್ ಹುಡುಗಿಯೊಬ್ಬಳು ನಿಜ ಹೇಳಿದಳು. "ಗಂಡ ಸತ್ತಿಲ್ಲ ಲೇ. ಅವರು ಮದುವೀನ ಆಗಂಗಿಲ್ಲ, ದೇವರಿಗೆ ಮಾತು ಕೊಟ್ಟಾರ." ವಿಧವೆಯರಾದರೆ ಅಪ್ಪ ಹೇಗೋ ಸಹಿಸಿಕೊಂಡಾನು. ಮದುವೆಯೇ ಬೇಡವೆಂದ ಹೆಂಗಸರು ಎಂದು ತಿಳಿದರೆ ಮಗಳಿಗೂ ಅದನ್ನೇ ಕಲಿಸುತ್ತಾರೆಂದು ಮರುದಿನವೇ ಕಾಲೇಜು ಬಿಡಿಸಿ, ಗಂಡು ಹುಡುಕುತ್ತಿದ್ದ. ಬಾಯಿಗೆ ಬೀಗ ಹಾಕಿಕೊಂಡೆ.

ಪ್ರತಿ ಸೋಮವಾರ ಅಜ್ಜಿ ಹಿತ್ತಲ ಗಿಡದ ನಿಂಬೆಹಣ್ಣು ಕಿತ್ತು ಎರಡು ಪಾಲು ಮಾಡುತ್ತಿದ್ದಳು. ಒಂದು ತನ್ನ ಸೀರೆಗೆ, ಇನ್ನೊಂದು ಸಿಸ್ಟರ್‌ಗಳ ಸೀರೆಗೆ. ನಾನು ಚೀಲ ಹೊತ್ತು ಬಸ್ಸು ಹತ್ತುತ್ತಿದ್ದೆ. ಸಂಜೆ ಮನೆಗೆ ಬಂದರೆ ಅವಳದು ಒಂದೇ ವಿಚಾರಣೆ: "ಹಬ್ಬಕ್ಕ ಅವರನ್ನ ಯಾರರ ಕರೀತಾರೇನು? ನಮ್ಮಂಥಾರನ್ನ ಯಾರು ಕರೀತಾರ ಬಿಡು." ಸೀಮಂತ, ತೊಟ್ಟಿಲು ಎಂದರೆ ತಾನಾಗಿಯೇ ಅಡುಗೆಮನೆ ಸೇರುತ್ತಿದ್ದವಳು ಅವಳು. ಐದು ಜನ ಜೊತೆಗಾತಿಯರು ಸಿಕ್ಕಿದ್ದಾರೆಂದು ನಂಬಿದ್ದಳು. ಹೇಳದೇ ಇರುವುದಕ್ಕೆ ನನಗೆ ನಾಚಿಕೆಯಾಗುತ್ತಿತ್ತು, ಹೇಳಲು ಧೈರ್ಯವಿರಲಿಲ್ಲ. ಹೀಗೇ ಸುಮಾರು ಮೂರು ವರ್ಷ ನಡೆಯಿತು.

ಡಿಗ್ರಿ ಪರೀಕ್ಷೆಗೆ ಎರಡು ತಿಂಗಳಿದ್ದಾಗ ಪ್ರಿನ್ಸಿಪಾಲ್ ಸಿಸ್ಟರ್‌ಗೆ ಸನ್ಮಾನವೆಂದು ಆಮಂತ್ರಣ ಬಂತು. ಅಪ್ಪನಿಗಲ್ಲ, ಅಜ್ಜಿಯ ಹೆಸರಿಗೆ. ಶುಭಕಾರ್ಯಕ್ಕೆ ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಹಿಂದಿನ ದಿನವೇ ಸೀರೆ ಒಗೆದು, ನೀಲಿ ಹಾಕಿ, ಮಡಿಚಿ ದಿಂಬಿನಡಿ ಇಟ್ಟುಕೊಂಡಳು. ಅಲ್ಲಿ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಭಾಷಣ ಮಾಡಿದವರು, ಸಿಸ್ಟರ್ ಮದುವೆ ಬೇಡವೆಂದು ತಾವೇ ಇಷ್ಟಪಟ್ಟು ಈ ವ್ರತ ಹಿಡಿದು ಇಪ್ಪತ್ತೈದು ವರ್ಷವಾಯಿತು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿಯ ಕೈ ಮಾತ್ರ ಏಳಲಿಲ್ಲ.

ವಾಪಸು ಬರುವಾಗ ಬಸ್ಸು ಕಮಲಾಪುರ ದಾಟಿದ ಮೇಲೆ ಅವಳು ಕೇಳಿದಳು:

"ಅವರಿಗೆ ಗಂಡನ ಇರಲಿಲ್ಲೇನು?"

"ಇಲ್ಲಜ್ಜಿ."

"ನಿನಗ ಗೊತ್ತಿತ್ತು."

"ಗೊತ್ತಿತ್ತು," ಎಂದು ಅಳತೊಡಗಿದೆ.

"ತಾವ ಕೇಳಿ ಉಟ್ಟಾರ," ಎಂದಳು, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪಗ ಹೇಳಬ್ಯಾಡ. ಪರೀಕ್ಷೆ ಮುಗೀಲಿ," ಎಂದು ಕಿಟಕಿಯಾಚೆಯ ಬಾಳೆತೋಟಗಳನ್ನು ನೋಡುತ್ತ ಕೂತಳು. ಮನೆಯಲ್ಲಿ ಊಟ ಬೇಡವೆಂದಳು.

ಇನ್ನು ನಿಂಬೆಹಣ್ಣಿನ ಕತೆ ಮುಗಿಯಿತೆಂದುಕೊಂಡೆ. ಆದರೆ ಸೋಮವಾರ ಚೀಲ ಬಾಗಿಲ ಹತ್ತಿರವೇ ಇತ್ತು. ಎತ್ತಿದರೆ ಎಂದಿಗಿಂತ ಭಾರ.

"ಯಾಕಜ್ಜಿ ಇಷ್ಟೊಂದು?"

"ಎರಡೂ ಪಾಲು ಹಾಕೀನಿ. ಕೇಳಿ ಉಟ್ಟಾರ ಸೀರಿ ಬೆಳ್ಳಗಿರ್ಲಿ. ನನ್ನದು ಹೆಂಗಿದ್ರೂ ನಡೀತೈತಿ."

ಅಂದಿನಿಂದ ಅಜ್ಜಿ ತನ್ನ ಸೀರೆಗೆ ನಿಂಬೆಹಣ್ಣು ಹಚ್ಚಲಿಲ್ಲ, ನೀಲಿಯನ್ನೂ ಹಾಕಲಿಲ್ಲ. ನಾನು ಎಂ.ಎ. ಮುಗಿಸಿ ಇದೇ ಕಾಲೇಜಿಗೆ ಕೆಲಸಕ್ಕೆ ಸೇರುವ ಹೊತ್ತಿಗೆ ಅವಳ ಸೀರೆಗಳಲ್ಲಿ ಬಿಳಿಯದು ಒಂದೂ ಉಳಿದಿರಲಿಲ್ಲ.