ಹುಣ್ಣಿಮೆಗೆ ಕೆಂಪಾಗುವ ರಸ್ತೆ

ವಿಜಯಾಳ ಕೆಲಸ ಏನೆಂದು ಮೈಸೂರಿನ ಅತ್ತಿಗೆಗೆ ಇವತ್ತಿಗೂ ಅರ್ಥವಾಗಿಲ್ಲ. ಅತ್ತಿಗೆಯ ಪ್ರಕಾರ ಅವಳು ಟ್ರಾಫಿಕ್ ಪೊಲೀಸ್. ನ್ಯೂಜಿಲೆಂಡಿನಲ್ಲಿ ಚಳಿ ಜಾಸ್ತಿಯಾದ್ದರಿಂದ ಒಳಗೆ ಕೂರಿಸಿದ್ದಾರೆ.

ನಿಜ ಇಷ್ಟೆ. ಕ್ರೈಸ್ಟ್‌ಚರ್ಚಿನ ಒಂದು ಕಚೇರಿಯಲ್ಲಿ ಕೂತು ಅವಳು ಸುತ್ತಲಿನ ಹೆದ್ದಾರಿಗಳ ಮೇಲೆ ಕಣ್ಣಿಟ್ಟಿರುತ್ತಾಳೆ. ಓಡುವ ಕಾರುಗಳೊಳಗಿನ ಫೋನುಗಳು, ಲಾರಿಗಳಿಗೆ ಕೂರಿಸಿದ ಜಿಪಿಎಸ್ ಪೆಟ್ಟಿಗೆಗಳು ತಾವೆಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ ಎಂದು ಒಂದೇ ಸಮನೆ ಹೇಳುತ್ತಿರುತ್ತವೆ. ಯಾರ ಗಾಡಿ ಎಂಬ ಗುರುತನ್ನು ಕಳಚಿ ಬರೀ ವೇಗವನ್ನು ಕಚೇರಿಗೆ ಕಳಿಸುತ್ತಾರೆ. ಪರದೆಯ ಮೇಲೆ ಸರಾಗವಾದ ರಸ್ತೆ ಹಸಿರು, ತೆವಳುವ ರಸ್ತೆ ಕೆಂಪು. ಕೆಂಪು ಕಂಡರೆ ಅಲ್ಲೇನೋ ಆಗಿದೆ ಎಂದರ್ಥ: ಅಪಘಾತವೋ, ರಿಪೇರಿಯೋ, ಕುರಿಮಂದೆಯೋ. ಆಗ ರಸ್ತೆಬದಿಯ ಫಲಕದಲ್ಲಿ ಎಚ್ಚರಿಕೆ ಹಾಕಿ ಬೇರೆ ದಾರಿ ತೋರಿಸಬೇಕು. ವಿಜಯಾಗೆ ಇದು ಒಗ್ಗಿದ ಕೆಲಸ. ರಿಕ್ಕರ್ಟನ್ ಮಾಲಿನ ಖಾಲಿ ಪಾರ್ಕಿಂಗಿನಲ್ಲೂ ಇಂಡಿಕೇಟರ್ ಹಾಕುವ ಹೆಂಗಸು ಅವಳು.

ಗಂಡ ದತ್ತಾತ್ರೇಯರು ಹಾಲಿನ ಪುಡಿಯ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಂಡಿದ್ದವರು. ಅಲ್ಲಿ ಎಲ್ಲರ ಬಾಯಲ್ಲಿ ಬರೀ ‘ಡಟ್’. ನಿವೃತ್ತರಾದ ಮೇಲೆ, ಅಜ್ಜನಿಂದ ಬಾಯಿಪಾಠವಾಗಿದ್ದ ಮಂತ್ರಗಳನ್ನು ಜೊತೆಗಿಟ್ಟುಕೊಂಡು ಪುರೋಹಿತರಾದರು. ಕ್ಯಾಂಟರ್‌ಬರಿ ಬಯಲಿನ ಡೇರಿ ಫಾರ್ಮುಗಳಲ್ಲಿ ಚದುರಿಹೋಗಿರುವ ಕನ್ನಡದ ಮನೆಗಳಿಗೆ ಹುಣ್ಣಿಮೆ ಬಂತೆಂದರೆ ಅವರೇ ಗತಿ. ಕಾರಿನಲ್ಲಿ ಕಲಶ, ದೀಪ, ಪಂಚಾಮೃತ ಇಟ್ಟುಕೊಂಡು ಒಬ್ಬರೇ ಹೋಗಿ ಸತ್ಯನಾರಾಯಣ ಪೂಜೆ ಮಾಡಿಸಿ ಬರುತ್ತಿದ್ದರು. ದಕ್ಷಿಣೆ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಬಲ್ಬು ಬದಲಾಯಿಸಿ ಎಂದರೆ ಮಾತ್ರ ಮೂರು ವಾರ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ವಿಜಯಾ ಅವರೆದುರೇ ಹೇಳುತ್ತಿದ್ದಳು.

ಒಂದು ದಿನ ಸಹೋದ್ಯೋಗಿ ಕ್ರೇಗ್ ಅವಳ ಮೇಜಿನ ಹತ್ತಿರ ಬಂದು ನಿಂತ. ಒಳನಾಡಿನ ಒಂದು ರಸ್ತೆ ತಿಂಗಳಿಗೊಮ್ಮೆ ಬೆಳಿಗ್ಗೆ ಒಂಬತ್ತಕ್ಕೆ ಕೆಂಪಾಗುತ್ತಿದೆ, ವಾರಕ್ಕೂ ಹೊಂದುವುದಿಲ್ಲ, ರಜಾದಿನಕ್ಕೂ ಹೊಂದುವುದಿಲ್ಲ, ಕೊನೆಗೆ ಹುಣ್ಣಿಮೆಗೆ ಹೊಂದಿತು ಎಂದ. ಪ್ರವಾಸಿಗಳು ಚಂದ್ರನನ್ನು ನೋಡುತ್ತಾ ನಿಧಾನವಾಗುತ್ತಾರೆ ಎಂಬುದು ಅವನ ಊಹೆ.

“ಬೆಳಿಗ್ಗೆ ಒಂಬತ್ತಕ್ಕಾ?” ಎಂದಳು ವಿಜಯಾ.

ಕ್ರೇಗ್ ಅದನ್ನು ಯೋಚಿಸಿರಲಿಲ್ಲ. ಅಲ್ಲಿ ವೇಗದ ಮಿತಿ ಇಳಿಸುವುದಕ್ಕೆ ಒಂದು ಪ್ರಸ್ತಾವ ಮಾತ್ರ ಬರೆದಿಟ್ಟಿದ್ದ.

ವಿಜಯಾ ಆ ದಿನಗಳನ್ನೆಲ್ಲ ನೋಡಿದಳು. ಅವಳಿಗೆ ಪಂಚಾಂಗವೇನೂ ಬೇಕಾಗಲಿಲ್ಲ. ಆ ಒಂದೊಂದು ಬೆಳಿಗ್ಗೆಯೂ ಅವಳೇ ಒಲೆಯ ಮುಂದೆ ನಿಂತು ಪ್ರಸಾದಕ್ಕೆ ರವೆ ಹುರಿದಿದ್ದಳು. ನಗು ಬಂತು. ಮದುವೆಮನೆಯ ಕೊಪ್ಪರಿಗೆ ಸಾರಿನಲ್ಲಿ ಒಬ್ಬರ ಚಿಟಿಕೆ ಉಪ್ಪು ಗೊತ್ತಾಗುವುದಿಲ್ಲ. ಒಂದು ಲೋಟ ಸಾರಿನಲ್ಲಿ ಗೊತ್ತಾಗುತ್ತದೆ. ಫಾರ್ಮುಗಳಿಗೆಲ್ಲ ಹೋಗುವ ಆ ರಸ್ತೆಯಲ್ಲಿ ಆ ಹೊತ್ತಿಗೆ ಇರುತ್ತಿದ್ದುದೇ ಒಂದು ಗಾಡಿ, ದತ್ತಾತ್ರೇಯರದು. ಅದು ತೆವಳಿದರೆ ಹೆದ್ದಾರಿಯೇ ತೆವಳಿದಂತೆ.

“ಇದು ಸಂದಣಿಯಲ್ಲ, ಯಾರೋ ಒಬ್ಬರು ವಯಸ್ಸಾದವರು,” ಎಂದು ಹೇಳಿ ಪ್ರಸ್ತಾವವನ್ನು ಅಲ್ಲಿಗೇ ನಿಲ್ಲಿಸಿದಳು.

ಆಮೇಲೆ ಸುಮ್ಮನೆ ಹಿಂದಿನ ತಿಂಗಳುಗಳನ್ನೂ ತೆಗೆದು ನೋಡಿದಳು. ಎರಡು ವರ್ಷದ ಹಿಂದೆ ಆ ಗಾಡಿ ತೊಂಬತ್ತರಲ್ಲಿ ಹೋಗುತ್ತಿತ್ತು. ಆಮೇಲೆ ಎಪ್ಪತ್ತು. ಈಗ ಐವತ್ತು. ಒಂದೇ ಗಾಡಿ ಹಿಡಿಸುವ ಸೇತುವೆಯ ಮುಂದೆ ಪೂರ್ತಿ ನಿಂತು, ನಿಮಿಷಗಟ್ಟಲೆ ಹಾಗೇ ಇರುತ್ತಿತ್ತು. ಆ ಬೆಳಿಗ್ಗೆಗಳಲ್ಲಿ ಎದುರಿನಿಂದ ಏನೂ ಬಂದಿರಲಿಲ್ಲ. ಆ ಕಡೆ ಓಡಾಡುವ ಹಾಲಿನ ಟ್ಯಾಂಕರುಗಳಿಗೆಲ್ಲ ಜಿಪಿಎಸ್ ಇದೆ, ಬಂದಿದ್ದರೆ ಕಾಣುತ್ತಿತ್ತು. ಇಡೀ ಬಯಲಿನ ರಸ್ತೆಗಳನ್ನು ನೋಡುವವಳ ಮನೆಯಲ್ಲಿ ದೀಪದ ಬುಡದಲ್ಲೇ ಕತ್ತಲು.

ಸಂಜೆ ಕಾಫಿ ಕೊಡುತ್ತಾ, “ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ,” ಎಂದಳು.

“ನನ್ನ ಕಣ್ಣಿಗೇನಾಗಿದೆ? ಪಂಚಾಮೃತ ತುಳುಕುತ್ತೆ ಅಂತ ನಿಧಾನ ಹೋಗ್ತೀನಿ, ಅಷ್ಟೆ.”

ನಿಧಾನದ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ಮುಂದೆ ಬೆದಕಲೂ ಇಲ್ಲ. ಕಚೇರಿಯ ಮಾಹಿತಿ ಇರುವುದು ರಸ್ತೆಗೆ, ಗಂಡನನ್ನು ಹಿಡಿಯುವುದಕ್ಕಲ್ಲ. ಅದೂ ಅಲ್ಲದೆ ಅವಳಿಗೆ ಗೊತ್ತಿತ್ತು: ಕಣ್ಣು ಮಸುಕಾಗಿದೆ ಎಂದು ಒಪ್ಪಿದರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ಪೂಜೆ ಹೋಗುತ್ತದೆ, ಪೂಜೆ ಹೋದರೆ ಅವರು ಮತ್ತೆ ‘ಡಟ್’. ಒಪ್ಪದಿದ್ದರೆ ಒಂದು ದಿನ ಅವರೇ ಇರುವುದಿಲ್ಲ. ಅವಳಿಗೆ ಅವರು ಬೇಕಾಗಿತ್ತು.

ಮುಂದಿನ ಹುಣ್ಣಿಮೆಗೆ ಅವಳೂ ಹೊರಟಳು. ಮಧ್ಯಾಹ್ನದವರೆಗೆ ಮಂಡಿ ಮಡಚಿ ಕೂರಲಾರೆ ಎಂದು ಇಷ್ಟು ವರ್ಷ ತಪ್ಪಿಸಿಕೊಂಡವಳು ಈಗೇಕೆ ಎಂದು ದತ್ತಾತ್ರೇಯರು ಕೇಳಲಿಲ್ಲ. ಸೇತುವೆ ಬಂತು. ಕಾರು ನಿಂತಿತು. ಸೇತುವೆ ನೆಟ್ಟಗಿತ್ತು, ಆಚೆ ತುದಿಯ ಬೇಲಿಯ ಕಂಬಗಳೂ ಕಾಣುತ್ತಿದ್ದವು, ಒಂದು ನಾಯಿಯೂ ಇರಲಿಲ್ಲ.

“ಯಾಕ್ರೀ ನಿಂತ್ರಿ?”

“ಎದುರಿಗೆ ಬರೋರಿಗೆ ದಾರಿ ಬಿಡಬೇಕು ಕಣೇ. ಬೋರ್ಡ್ ಇದೆಯಲ್ಲ.”

ಅವರು ಸ್ಟೇರಿಂಗಿನ ಮೇಲೆ ಬಾಗಿ ಮುಂದೆ ನೋಡುತ್ತಲೇ ಇದ್ದರು. “ಈಗ ಹೋಗಬಹುದು,” ಎಂದಳು ವಿಜಯಾ. ತಕ್ಷಣ ಹೊರಟರು. ಅವಳ ಮಾತಿಗೆ ಅವರು ಇಷ್ಟು ಬೇಗ ಒಪ್ಪಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಪೂಜೆ ಇದ್ದದ್ದು ಫಾರ್ಮಿನ ಮ್ಯಾನೇಜರ್ ಲೋಹಿತನ ಮನೆಯಲ್ಲಿ. ದತ್ತಾತ್ರೇಯರು ಪುಸ್ತಕ ತೆರೆದು ನಾಲ್ಕನೆಯ ಅಧ್ಯಾಯದ ಕಥೆ ಹೇಳುತ್ತಿದ್ದರು, ಸಮಯಕ್ಕೆ ಸರಿಯಾಗಿ ಹಾಳೆಯನ್ನೂ ಮಗುಚುತ್ತಿದ್ದರು. ಕಥೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಪಕ್ಕದಲ್ಲಿ ಕೂತ ವಿಜಯಾ ಪುಸ್ತಕದತ್ತ ನೋಡಿದಳು. ತೆರೆದಿದ್ದುದು ಗಣಪತಿ ಪೂಜೆಯ ಪುಟ. ಸೆರಗು ಸರಿಮಾಡಿಕೊಳ್ಳುವವಳಂತೆ ಬಾಗಿ, ಸರಿಯಾದ ಪುಟ ತೆಗೆದಿಟ್ಟಳು. ಅವರು ಕಥೆ ನಿಲ್ಲಿಸಲಿಲ್ಲ. ಅವಳ ಕೈಮೇಲೆ ಒಂದು ಕ್ಷಣ ಕೈಯಿಟ್ಟರು.

ಊಟ ಮುಗಿಸಿ ಹೊರಟಾಗ ಅವರೇ ಕಾರಿನ ಕೀ ಚಾಚಿದರು. “ನೀನೇ ಓಡಿಸು. ಸೋಮವಾರ ಡಾಕ್ಟರ ಹತ್ರ ಹೋಗೋಣ. ಆಪರೇಷನ್ ಅಂದ್ರೆ ಮಾಡಿಸ್ಕೊಳ್ಳೋಣ.”

“ಅಲ್ಲೀವರೆಗೂ ಪೂಜೆಗೆ ನಾನೇ ಕರ್ಕೊಂಡ್ಹೋಗ್ತೀನಿ.”

“ನಿನ್ನ ಮಂಡಿ?”

“ಲೋಹಿತನ ಮನೇಲಿ ಕುರ್ಚಿ ಇದೆ.”

ಸೇತುವೆಯ ಹತ್ತಿರ ಅವಳು ನಿಧಾನ ಮಾಡಿ, ನೋಡಿ, ದಾಟಿದಳು.

“ಯಾರೂ ಇರಲಿಲ್ವಾ?” ಎಂದರು.

“ಇಲ್ಲರೀ.”

ಆಮೇಲೆ ಕೇಳಿದರು: “ನಾನು ನಿಂತಾಗೆಲ್ಲ ಎದುರಿಗೆ ಯಾರಾದ್ರೂ ಬರ್ತಿದ್ರಾ? ನಿಮ್ಮ ಆಫೀಸಿನಲ್ಲಿ ಕಾಣುತ್ತಲ್ಲ.”

ವಿಜಯಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಬರ್ತಿತ್ತು. ಹಾಲಿನ ಟ್ಯಾಂಕರು. ನೀವು ನಿಂತಿದ್ದೇ ಒಳ್ಳೇದಾಯ್ತು.”

ದತ್ತಾತ್ರೇಯರು ಸಮಾಧಾನದಿಂದ ತಲೆಯಾಡಿಸಿದರು.

“ದೊಡ್ಡ ಗಾಡಿ,” ಎಂದರು. “ದಾರಿ ಬಿಡಲೇಬೇಕು.”